ಎಲೆಕ್ಟ್ರಾನುಗಳ ದಾರಿ ತಪ್ಪಿಸಿದ ಸೊಂಟಪಟ್ಟಿ

ಚಿಕ್ಕಮ್ಮನಿಗೆ ನಮಸ್ಕಾರ. ಚಿಕ್ಕಪ್ಪ ಹತ್ತಿರದಲ್ಲಿದ್ದರೆ ಇದನ್ನು ಗಟ್ಟಿಯಾಗಿ ಓದಿ.

ಇಲ್ಲಿ ಪ್ರಯೋಗಾಲಯದಲ್ಲಿ ನನ್ನ ಕೆಲಸ ಉಗುರುಬಣ್ಣ ಅಳಿಸುವ ಅಸಿಟೋನಿನ ಆವಿಯ ಮೇಲೆ ಅತಿನೇರಳೆ ಬೆಳಕು ಬಿಡುವುದು. ಎಲೆಕ್ಟ್ರಾನುಗಳು ಹಾರಿ ಬರುತ್ತವೆ. ಯಂತ್ರದಲ್ಲಿ ಅವುಗಳ ವೇಗ ಅಳೆದರೆ ಅಣು ಅವನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದು ಗೊತ್ತಾಗುತ್ತದೆ. ಮೂರು ವಾರದಿಂದ ನಾನು ಯಂತ್ರದ ಪಕ್ಕ ಕೂತಾಗಲೆಲ್ಲ ಗ್ರಾಫು ಸೊಟ್ಟಗಾಗುತ್ತಿತ್ತು, ಎದ್ದು ಹೋದರೆ ಸರಿಯಾಗುತ್ತಿತ್ತು. ಯಂತ್ರವನ್ನೇ ಬಿಚ್ಚಿಸಲು ನನ್ನ ಪಿಎಚ್‌ಡಿ ಗೈಡ್ ಹೊರಟಿದ್ದರು. ನಿನ್ನೆ ನಮ್ಮ ಮುದಿ ಮೆಕ್ಯಾನಿಕ್ ದಿಕ್ಸೂಚಿ ಹಿಡಿದು ಕೋಣೆಯೆಲ್ಲ ಸುತ್ತಿದರು. ಮುಳ್ಳು ನನ್ನ ಸೊಂಟದತ್ತ ತಿರುಗಿ ನಿಂತಿತು.

“ಏನಮ್ಮಾ ಅದು, ಕಟ್ಕೊಂಡಿರೋದು?”

“ಬೆನ್ನುನೋವಿಗೆ ಚಿಕ್ಕಮ್ಮ ಕೊಟ್ಟ ಆಯಸ್ಕಾಂತದ ಪಟ್ಟಿ.”

ಅವರು ಹಣೆ ಚಚ್ಚಿಕೊಂಡರು. ಆಯಸ್ಕಾಂತ ಎಲೆಕ್ಟ್ರಾನಿನ ದಾರಿಯನ್ನು ಬಾಗಿಸುತ್ತದೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನೇ! ಪಟ್ಟಿ ಈಗ ಬಾಗಿಲಾಚೆ ಗೂಟದಲ್ಲಿ ನೇತಾಡುತ್ತಿದೆ, ಗ್ರಾಫು ತೆಪ್ಪಗಿದೆ, ಗೈಡ್ ನಗುತ್ತಿದ್ದಾರೆ. “ಅದ್ರಲ್ಲಿ ಶಕ್ತಿನೂ ಇಲ್ಲ, ಮಣ್ಣೂ ಇಲ್ಲ” ಎಂದು ನಿಮ್ಮನ್ನು ಆಡಿಕೊಳ್ಳುವ ಚಿಕ್ಕಪ್ಪ ಇನ್ನು ಬಾಯಿ ಮುಚ್ಚಿಕೊಳ್ಳಲಿ.

ಅಂಚೆ ಕಾರ್ಡು ತುಂಬಿತು. ಬೆನ್ನುನೋವು ಎಳ್ಳಷ್ಟೂ ಕಮ್ಮಿಯಾಗಿಲ್ಲ. ಈ ಸಾಲು ಮಾತ್ರ ಮನಸ್ಸಿನಲ್ಲೇ ಓದಿಕೊಳ್ಳಿ.

ನಿಮ್ಮ ಅಕ್ಕನ ಮಗಳು