ಬೆಲ್ಲದ ಕಾಫಿಯ ದಾರಿ

ರೀ,

ಸಂತೆಗೆ ಹೊರಟೆ. ರಾಗಿ ರೊಟ್ಟಿ ಮುಚ್ಚಿಟ್ಟಿದ್ದೇನೆ. ತಿಂದು ಮಾತ್ರೆ ತಗೊಳ್ಳಿ.

ದಿನಾ ಅಷ್ಟು ನಡೆದರೂ ನಿಮ್ಮ ಶುಗರ್ ಏರಿದ್ದು ಹೇಗೆ ಅಂತ ನನ್ನ ತಲೆ ಕೊರೆಯುತ್ತಲೇ ಇತ್ತು. ನೀವಂತೂ ಸಿಟ್ಟಿನಲ್ಲಿ ಶೂ ಅಟ್ಟಕ್ಕೆಸೆದು ನಡೆಯುವುದನ್ನೇ ಬಿಟ್ಟಿರಿ. ನಿನ್ನೆ ಕಾಲುವೆ ಹತ್ತಿರದ ತಂಗಮ್ಮ ಸಿಕ್ಕಿದ್ದಳು. "ಅಣ್ಣ ಯಾಕಕ್ಕ ಈಗ ವಾಕಿಂಗ್ ಬರಲ್ಲ? ದಿನಾ ನಮ್ಮನೇಲಿ ಎರಡು ಲೋಟ ಬೆಲ್ಲದ ಕಾಫಿ ಕುಡೀತಿದ್ರು" ಅಂದಳು!

ಡಾಕ್ಟರು ಸಕ್ಕರೆ ಬಿಡಿ ಅಂದರೆ ಬೆಲ್ಲ ಹಿಡಿದಿರಾ? ಅದು ಸಕ್ಕರೆಯ ಅಣ್ಣನೇ ಅಲ್ಲವಾ? ತಪ್ಪು ಮಾಡಿದ್ದು ನಾಲಿಗೆ, ಶಿಕ್ಷೆ ಮಾತ್ರ ಕಾಲಿಗೆ ಯಾಕೆ?

ಶೂ ಒರೆಸಿ ಬಾಗಿಲಲ್ಲಿಟ್ಟಿದ್ದೇನೆ. ಇವತ್ತೇ ಹೊರಡಿ, ಅದೇ ದಾರಿಯಲ್ಲಿ. ತಂಗಮ್ಮನಿಗೆ ಹೇಳಿದ್ದೇನೆ: ಕಾಫಿ ಸಿಗುತ್ತದೆ, ಬೆಲ್ಲ ಸಿಗಲ್ಲ. ರುಚಿ ಹೇಗಿತ್ತು ಅಂತ ಬಂದು ನಿಮ್ಮ ಮುಖ ನೋಡಿಯೇ ತಿಳಿದುಕೊಳ್ಳುತ್ತೇನೆ.