ಎಡೆಯ ಕೋಣೆಯಲ್ಲಿ ಕೇಳಿಸಿದ ಹೆಜ್ಜೆ

ಕಣಕಟ್ಟೆ
೧೮-೯-೧೯೬೭, ಸೋಮವಾರ

ಪ್ರೀತಿಯ ಅಣ್ಣನಿಗೆ ನಿನ್ನ ತಂಗಿ ಕೆಂಪಿ ಮಾಡುವ ನಮಸ್ಕಾರ.

ಅಕ್ಷರ ನೋಡಿ ಬೈಯಬೇಡ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಒತ್ತಕ್ಷರ ಬಂದ ಕಡೆಯೆಲ್ಲ ಕೈ ನಿಂತುಬಿಡುತ್ತದೆ. ತಪ್ಪಿದ್ದಲ್ಲಿ ನೀನೇ ಸರಿಮಾಡಿಕೊಂಡು ಓದು. ಸಾಲದ್ದಕ್ಕೆ, ಅಂಗಾತ ಮಲಗಿ ರೂಢಿ ಮಾಡಿಕೋ ಎಂದು ಡಾಕ್ಟರು ಹೇಳಿದ್ದಾರೆ. ಎದೆಯ ಮೇಲೆ ಹಲಗೆ ನಿಲ್ಲಿಸಿಕೊಂಡು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ, ಸಾಲೆಲ್ಲ ಮಾಲೇಕಲ್ಲು ಬೆಟ್ಟ ಹತ್ತಿದ ಹಾಗೆ ಮೇಲಕ್ಕೆ ಹೋಗುತ್ತಿದೆ.

ನಿನ್ನ ಕೆಮ್ಮು ಹೇಗಿದೆ? ವರ್ಕ್‌ಶಾಪಿನ ಹೊಗೆಗೆ ಬಾಯಿಗೆ ಬಟ್ಟೆ ಕಟ್ಟಿಕೋ ಎಂದರೆ ನೀನು ಕೇಳುವವನಲ್ಲ. ಅತ್ತಿಗೆ ಚೆನ್ನಾಗಿದ್ದಾರಾ? ಮಗುವಿಗೆ ಹಲ್ಲು ಬಂತಾ? ಹುಬ್ಬಳ್ಳಿಯ ನೀರು ಅದಕ್ಕೆ ಹಿಡಿಯಿತಾ? ಇಲ್ಲಿ ಅಜ್ಜಿಯ ಕಣ್ಣು ಇನ್ನಷ್ಟು ಮಂಜಾಗಿದೆ. ಎದುರಿಗೆ ನಿಂತರೂ ನೆರಳಿನ ಹಾಗೆ ಕಾಣುತ್ತೀಯೆ ಎನ್ನುತ್ತಾಳೆ. ಕಿವಿ ಮಾತ್ರ ಚುರುಕು.

ಬರುವ ಸೋಮವಾರ ಲಕ್ಕಪ್ಪ ಚಿಕ್ಕಪ್ಪ ನನ್ನನ್ನು ಬಸ್ಸಿನಲ್ಲಿ ಅರಸೀಕೆರೆಗೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸುತ್ತಾರೆ. ಗುರುವಾರ ಆಪರೇಷನ್. ತೊಡೆಯ ಮೂಳೆಯ ತಲೆ ಸವೆದು ಹೋಗಿದೆಯಂತೆ. ಅದನ್ನು ಕೊಯ್ದು ತೆಗೆದು, ಅಲ್ಲಿ ಲೋಹದ ಗುಂಡು ಕೂರಿಸುತ್ತಾರೆ. ಹೋದ ಸಲ ಡಾಕ್ಟರು ಆ ಗುಂಡನ್ನು ನನ್ನ ಕೈಗೆ ಕೊಟ್ಟು ತೋರಿಸಿದರು. ಉದ್ದನೆಯ ಮೊಳೆಯ ತುದಿಗೆ ನಿಂಬೆಹಣ್ಣು ಚುಚ್ಚಿದ ಹಾಗಿತ್ತು. ತಣ್ಣಗೆ ಕೊರೆಯುತ್ತಿತ್ತು. ಅದರಲ್ಲಿ ನನ್ನ ಮುಖ ಕಡಲೆಕಾಳಿನಷ್ಟು ಕಾಣಿಸಿತು. ಮುದುಕರಿಗೆ ಹಾಕುವುದೇ ಹೆಚ್ಚು, ನಿನಗಿನ್ನೂ ಇಪ್ಪತ್ತೆರಡು, ಎಷ್ಟು ವರ್ಷ ಬಾಳುತ್ತದೆ ಎಂದು ನಾನು ಮಾತು ಕೊಡಲಾರೆ, ಆದರೆ ಹೀಗೇ ಬಿಟ್ಟರೆ ಎರಡು ವರ್ಷದಲ್ಲಿ ಹಾಸಿಗೆ ಹಿಡಿಯುತ್ತೀಯೆ ಎಂದರು. ನಿಮ್ಮ ಮನೆಯಲ್ಲಿ ಹೀಗೆ ನಡೆಯುವವರು ಇನ್ನು ಯಾರಿದ್ದಾರೆ ಎಂದು ಕೇಳಿದರು. ಅವ್ವ ಇದ್ದಳು ಎಂದೆ. ಹಾಗಾದರೆ ಇದು ತಾಯಿಯಿಂದ ಬಂದದ್ದು, ಹುಟ್ಟುವಾಗಲೇ ಕೀಲಿನ ಗುಂಡಿ ಆಳವಾಗಿರಲಿಲ್ಲ ಎಂದರು. ನನಗೆ ಯಾಕೋ ಅಳು ಬಂತು. ಅವ್ವ ಹೋದ ಮೇಲೆ ಅವಳದು ಎಂದು ನನ್ನ ಹತ್ತಿರ ಉಳಿದಿರುವುದು ಇದೊಂದೇ.

ತಯಾರಿ ಜೋರಾಗಿ ನಡೆದಿದೆ. ಮೈಯಲ್ಲಿ ಎಲ್ಲೂ ಕೀವು ಇರಬಾರದಂತೆ. ಅದಕ್ಕೆ ಅರಸೀಕೆರೆಯಲ್ಲಿ ಹುಳುಕು ಹಲ್ಲು ಎರಡು ಕೀಳಿಸಿದೆವು. ರಕ್ತ ಕಡಿಮೆ ಇದೆ ಎಂದು ಕಹಿ ಟಾನಿಕ್ಕು ಕುಡಿಯುತ್ತೇನೆ. ಚಿಕ್ಕಪ್ಪನ ರಕ್ತ ನನಗೆ ಹೊಂದುತ್ತದೆಯಂತೆ. ನನ್ ರಕ್ತ ಹಾಕಿಸ್ಕೊಂಡ್ರೆ ನಾಳಿಕ್ಕೆ ನೀನೂ ನಶ್ಯ ಕೇಳ್ತೀಯ ಕಣೇ ಎಂದು ತಮಾಷೆ ಮಾಡುತ್ತಾರೆ, ಸೂಜಿ ಎಂದರೆ ಅವರ ಮುಖವೇ ಬಿಳಿಚಿಕೊಳ್ಳುತ್ತದೆ. ಅಜ್ಜಿಗೆ ಮಾತ್ರ ಇದು ಬೇಡ. ದೇವ್ರು ಕೊಟ್ ಮೂಳೆ ಕಿತ್ತಾಕಿ ಕಬ್ಣ ಇಕ್ಕಿಸ್ಕೊಂಡು ಅದ್ಯಾವ್ ಮದ್ವೆಗ್ ಹೋಗ್ಬೇಕಾಗೈತೆ ಇವ್ಳು ಎಂದು ಪಕ್ಕದ ಮನೆ ಬೋರಮ್ಮನ ಹತ್ತಿರ ಹೇಳುತ್ತಿದ್ದಳು. ಅವಳಿಗೆ ಬೇಡವಾದ ಕಾರಣ ಅದಲ್ಲ ಅಣ್ಣ, ನನಗೆ ಗೊತ್ತು. ಅವ್ವನ ಹೆಜ್ಜೆಯೂ ನನ್ನ ಹೆಜ್ಜೆಯೂ ಒಂದೇ. ಬಲಗಾಲು ಧಪ್ಪೆಂದು, ಎಡಗಾಲು ಎಳೆದುಕೊಂಡು, ನಡುವೆ ಕೀಲು ಕಟಕ್ಕೆಂದು. ಹಿತ್ತಲಿನಿಂದ ನಾನು ಬರುವಾಗ ಅಜ್ಜಿ ಅವ್ವನ ಹೆಸರು ಹಿಡಿದು, ಬಂದ್ಯೇನೇ ಜಾನಕೀ ಎನ್ನುತ್ತಾಳೆ. ಮೊದಮೊದಲು ತಿದ್ದುತ್ತಿದ್ದೆ. ಈಗ ಊಂ ಎನ್ನುತ್ತೇನೆ. ಊರುಗೋಲು ಹಿಡಿದು ನಡೆಯುವುದನ್ನು ಕಲಿಯಬೇಕಲ್ಲ, ಆಗ ಸದ್ದು ಬೇರೆಯಾಗುತ್ತದೆ. ಹೋದ ವಾರ ಊರುಗೋಲಿನಲ್ಲಿ ಒಳಗೆ ಬಂದರೆ, ಯಾರ್ರವ್ವಾ ನೀವು, ಯಾವೂರು ಎಂದು ಅಜ್ಜಿ ಎದ್ದು ಕೂತಳು.

ನಾನೂ ಸರಿಯಾಗಿಲ್ಲ. ತೋಟದಲ್ಲಿ ಒಬ್ಬಳೇ ನಡೆಯುವಾಗ ಹಿಂದೆ ಅವ್ವನ ಹೆಜ್ಜೆ ಕೇಳಿಸುತ್ತದೆ. ನಿಂತರೆ ಅದೂ ನಿಲ್ಲುತ್ತದೆ. ಹೊರಟರೆ ಅದೂ ಹೊರಡುತ್ತದೆ. ನನ್ನದೇ ಸದ್ದು ಎಂದು ಗೊತ್ತಿದ್ದರೂ ತಿರುಗಿ ನೋಡುತ್ತೇನೆ. ಈ ಮೂಳೆ ತೆಗೆದ ಮೇಲೆ ಅವಳು ಎಲ್ಲಿ ಇರುತ್ತಾಳೆ ಎಂದು ಯೋಚನೆ ಬರುತ್ತದೆ. ಯಾರಿಗೂ ಹೇಳಿಲ್ಲ. ಹೇಳಿದರೆ ನಕ್ಕಾರು.

ನಿನ್ನ ಕಾಗದ ತಲುಪಿತು. ಮಹಾಲಯ ಅಮಾವಾಸ್ಯೆಗೆ ರಜೆ ಸಿಕ್ಕಿದ್ದು ಸಂತೋಷ. ಅವ್ವನ ಎಡೆಗೆ ಇಡಲು ಹಸಿರು ಸೀರೆ ತೆಗೆದಿದ್ದೀಯೆ, ಹೋದ ವರ್ಷದ ಹಾಗೆ ಈ ಸಲವೂ ಬಾಗಿಲ ಹತ್ತಿರ ನಾನೇ ಕೂರುತ್ತೇನೆ ಎಂದಿದ್ದೀಯೆ. ಅವತ್ತು ಎಡೆ ಬಡಿಸಿ, ಕೋಣೆಯ ಬಾಗಿಲು ಮುಚ್ಚಿ, ಹಿರಿಯರು ಬಂದು ಉಣ್ಣಲಿ ಎಂದು ನೀವೆಲ್ಲ ಹೊರಗೆ ಮಾತಿಲ್ಲದೆ ಕೂತಿದ್ದಾಗ ಒಳಗೆ ಹೆಜ್ಜೆ ಕೇಳಿಸಿತಲ್ಲ, ಆಮೇಲೆ ಮಾತೂ ಕೇಳಿಸಿತಲ್ಲ, ಅದನ್ನು ಬೋರಮ್ಮ ಇವತ್ತಿಗೂ ಹೇಳಿಕೊಂಡು ತಿರುಗುತ್ತಾಳೆ. ಅವ್ವನ ಮಣ್ಣಿಗೆ ಬರಲಾಗಲಿಲ್ಲ ಎಂದು ಆರು ತಿಂಗಳು ಕೊರಗಿದವನು ಅವತ್ತು ಹೊಟ್ಟೆತುಂಬ ಉಂಡೆ. ಅಲ್ಲಿಂದಾಚೆಗೆ ನೀನು ಹೆಂಡದಂಗಡಿ ಕಡೆ ತಲೆ ಹಾಕಿಲ್ಲವೆಂದು ಅತ್ತಿಗೆ ಬರೆಸಿದ್ದರು. ಪ್ರತಿ ಕಾಗದದಲ್ಲೂ ಅವ್ವ ಮತ್ತೆ ಬಂದಿದ್ದಳಾ ಎಂದು ಕೇಳುತ್ತೀಯೆ. ನಾನು ಉತ್ತರ ಬರೆದೇ ಇಲ್ಲ.

ಅತ್ತಿಗೆಗೆ ನಮಸ್ಕಾರ ತಿಳಿಸು. ಮಗುವಿನ ಎರಡು ಕೆನ್ನೆಗೂ ನನ್ನ ಮುತ್ತು. ಅಜ್ಜಿ ಮೂವರನ್ನೂ ತಲೆ ಸವರಿ ಹರಸಿದ್ದಾಳೆ ಎಂದು ತಿಳಿದುಕೋ.

ನಿನ್ನ ಒಡಹುಟ್ಟು,
ಕೆಂಪಿ

ಕಡೆಯ ಮಾತು: ಅಂಚೆಯವನು ಬರುವ ಹೊತ್ತಾಯಿತು, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಅಣ್ಣ, ಅವತ್ತು ಒಳಗೆ ನಡೆದವಳು ನಾನು. ಅವ್ವನಿಗೆ ಇಷ್ಟವೆಂದು ಅರೆದ ಹುಚ್ಚೆಳ್ಳು ಚಟ್ನಿ ಎಲೆಗೆ ಬಡಿಸಿಲ್ಲವೆಂದು ಬಾಗಿಲು ಮುಚ್ಚಿದ ಮೇಲೆ, ಒಲೆಯ ಹತ್ತಿರವೇ ಉಳಿದಿದ್ದ ನನಗೆ ನೆನಪಾಯಿತು. ಮುಚ್ಚಿದ ಬಾಗಿಲು ತೆಗೆಯಬಾರದಲ್ಲ, ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಆಗ ನೀನು ಹೊರಗಿನಿಂದ, ಅವ್ವಾ, ಮಣ್ಣಿಗೂ ಬರ್ನಿಲ್ಲ ಅಂತ ಕೋಪಾನಾ ನನ್ ಮ್ಯಾಲೆ ಎಂದೆ. ಆ ದನಿ ಕೇಳಿ ಸುಮ್ಮನಿರಲಾಗಲಿಲ್ಲ. ಇಲ್ಲ ಕಣ್ ಮಗ, ಎದ್ದು ಉಣ್ಣೋಗು ಎಂದವಳೂ ನಾನೇ. ಮಗ ಎಂಬ ಮಾತು ನನ್ನ ಬಾಯಿಗೆ ಹೇಗೆ ಬಂತೋ ತಿಳಿಯದು, ನಾನು ಯಾರನ್ನೂ ಹಾಗೆ ಕರೆದವಳಲ್ಲ. ಅಮಾವಾಸ್ಯೆಯ ದಿನ ನಾನು ಆಸ್ಪತ್ರೆಯಲ್ಲಿರುತ್ತೇನೆ. ಒಳಗೆ ಯಾರೂ ನಡೆಯುವುದಿಲ್ಲ. ಇನ್ನು ಮುಂದೆ ಯಾವತ್ತೂ ನಡೆಯುವುದಿಲ್ಲ. ಅವ್ವ ಮುನಿಸಿಕೊಂಡಳು ಎಂದು ತಿಳಿಯಬೇಡ. ಸುಳ್ಳು ಹೇಳಿದ್ದು ನಾನು, ಆದರೆ ಅವಳಿಗೆ ಕೋಪವಿರಲಿಲ್ಲ ಎಂಬುದು ನಿಜ. ಕೊನೆಯ ದಿನ ಅವಳ ಪಕ್ಕದಲ್ಲಿ ಇದ್ದವಳು ನಾನು. ರೈಲು ತಡ ಆಗೈತೇನೋ ಎಂದಳು, ಅಷ್ಟೇ. ನನ್ನನ್ನು ಎಷ್ಟು ಬೇಕಾದರೂ ಬೈಯಿ, ಆ ಅಂಗಡಿಯ ಕಡೆ ಮಾತ್ರ ಹೋಗಬೇಡ. ಇವತ್ತು ಬೆಳಿಗ್ಗೆ ಅಜ್ಜಿಗೂ ಹೇಳಿದೆ. ನಂಬಲಿಲ್ಲ. ಆ ಕಟಕ್ಕೆನ್ನುವುದು ಅವಳ ಕೈಗೇ ತಿಳಿಯಲೆಂದು, ಕೈ ಹಿಡಿದು ನನ್ನ ಸೊಂಟದ ಕೀಲಿನ ಮೇಲೆ ಇಟ್ಟುಕೊಂಡು, ಅವಳನ್ನೂ ಜೊತೆಗೆ ಕರೆದುಕೊಂಡು ಒಲೆಯಿಂದ ಹೊಸ್ತಿಲವರೆಗೆ ನಿಧಾನವಾಗಿ ನಡೆದೆ.