ಹಡಗಿನಿಂದ ಬಂದ ಹಂಚು

ಮರ್ಫಿ ಟೌನ್, ಬೆಂಗಳೂರು
9 ಡಿಸೆಂಬರ್ 1998

ಮಗಳು ಪ್ರಿಯದರ್ಶಿನಿಗೆ ನಿನ್ನ ಅವ್ವ ಹುಸೇನಮ್ಮ ಮಾಡುವ ಆಶೀರ್ವಾದ.

ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ, ಗೊತ್ತು. ಬರೆಯಲು ಕೂತರೆ ಕೈಯೇ ಓಡುತ್ತಿರಲಿಲ್ಲ ತಾಯಿ. ಹೊಸ ಮನೆಗೆ ಆಯಿಯ ರೊಟ್ಟಿ ಹಂಚು ಬೇಕೆಂದು ಕೇಳಿದ್ದೀಯ. ಅದನ್ನು ಕಳಿಸಲಾರೆ. ಪೂರ್ತಿ ಓದಿ ಆಮೇಲೆ ಬೈಯಿ.

ಹೋದ ತಿಂಗಳು ಹಲಸೂರಿನ ವೆಂಕಟಸ್ವಾಮಿ ಎನ್ನುವವರು ಬಂದಿದ್ದರು. ನೌಕಾಪಡೆಯಿಂದ ನಿವೃತ್ತರಾದವರು. ಎಪ್ಪತ್ತೊಂದರ ಯುದ್ಧದಲ್ಲಿ ನಿಮ್ಮಪ್ಪ ಇದ್ದ ರಿಪೇರಿ ಹಡಗಿನ ಚರಿತ್ರೆ ಬರೆಯುತ್ತಾರಂತೆ. "ನೀವು ಅದ್ರಲ್ಲಿ ವೆಲ್ಡರ್ ಆಗಿದ್ರಿ, ನಿಮ್ ಬಾಯಿಂದ್ಲೇ ಕೇಳ್ಬೇಕು ಸಾರ್" ಎಂದರು. ಸಾರ್ ಅನ್ನಿಸಿಕೊಂಡು ನಿಮ್ಮಪ್ಪ ಉಬ್ಬಿಹೋದರು. ನನ್ನ ಹತ್ತಿರ ನಾಲ್ಕು ಮಾತಾಡದ ಮನುಷ್ಯ, ಅಬ್ಬಬ್ಬಾ, ನಿಲ್ಲಿಸಲೇ ಇಲ್ಲ.

"ನಮ್ಮ ಹಡಗು ಒಂದು ಗುಂಡೂ ಹೊಡಿಲಿಲ್ರೀ. ಹೊಡ್ತ ತಿಂದ ಹಡಗು ಪಕ್ಕಕ್ಕ ಬಂದ್ವು ಅಂದ್ರ ತೂತು ಮುಚ್ಚೂದು, ಮತ್ತ ಯುದ್ಧಕ್ಕ ಕಳಸೂದು. ಯುದ್ಧ ಹೆಂಗ ನಡದೈತಿ ಅಂತ ತೂತು ನೋಡೇ ನಮಗ ಗೊತ್ತಾಗ್ತಿತ್ತು" ಎಂದರು.

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನಿನಗೆ ಗೊತ್ತಲ್ಲ, ರೊಟ್ಟಿ ಬಡಿಯಲು ಕೂತರೆ ನಿಮ್ಮಪ್ಪ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗುತ್ತಾರೆ. ಕಲಬುರಗಿ ಕಡೆ ಹುಟ್ಟಿಯೂ ಜೋಳದ ರೊಟ್ಟಿ ಮುಟ್ಟದ ಗಂಡಸು ಎಂದು ನಾವೆಲ್ಲ ಎಷ್ಟು ಆಡಿಕೊಂಡಿದ್ದೇವೆ. ಅವತ್ತು ಬಂದವರನ್ನು ಬಿಟ್ಟು ಏಳುವಂತಿರಲಿಲ್ಲ. ಮಾತು ಒಂದು ಹಡಗಿನ ಹತ್ತಿರ ಬಂತು. ನಿನ್ನ ಸೋದರಮಾವ, ಯುದ್ಧದಿಂದ ಮರಳದ ನನ್ನ ತಮ್ಮ ಭೀಮು ಇದ್ದ ಹಡಗು. ಅವನನ್ನು ನೌಕಾಪಡೆಗೆ ಸೇರಿಸಿದ್ದೇ ನಿಮ್ಮಪ್ಪ. "ಏ, ಬಡಿಯೂದು ನಿಲ್ಲಸ!" ಎಂದು ಕಿರುಚಿದರು. ಪಾಪ, ವೆಂಕಟಸ್ವಾಮಿಯವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಮೂರನೆಯವರ ಮುಂದೆ ನನ್ನ ಮಾನ ಕಳೆದಿರೆಂದು ಜಗಳ ತೆಗೆದೆ. ನಿಮ್ಮಪ್ಪ ಒಳಗೆ ಬಂದು ಬಟ್ಟೆ ಹಿಡಿದು ಹಂಚನ್ನು ಒಲೆಯಿಂದ ಇಳಿಸಿದರು.

"ಇದು ಹಂಚಲ್ಲ. ಆ ಹಡಗಿನ ತಳದ ಖೋಲ್ಯಾಗ ನೀರು ತುಂಬಾಕತ್ತಿತ್ತು. ಒಳಗ ಸಿಕ್ಕೊಂಡವ್ರು ಬಡಿತಿದ್ರು. ಬಂದೀನಿ ಅಂತ ನಾನೂ ಹೊರಗಿಂದ ಬಡದೆ. ದುಂಡಗ ಕೊರದು ದಾರಿ ಮಾಡೂದ್ರಾಗ ಸದ್ದು ನಿಂತಿತ್ತು. ಆ ಕೊರದ ತಗಡು ಇದು."

ಭೀಮುವಿನ ನೆನಪಿಗೆಂದು ಅದನ್ನು ಟ್ರಂಕಿನಲ್ಲಿ ತಂದಿದ್ದರಂತೆ. ಯಾರ ಕೈಯನ್ನೂ ಕುಯ್ಯದಿರಲೆಂದು ಅಂಚು ಅರ ಹಾಕಿ ಉಜ್ಜಿದ್ದರಂತೆ. ನಮ್ಮವ್ವ, ನಿನ್ನ ಆಯಿ, ಟ್ರಂಕು ತೆಗೆದವಳೇ "ಅಳಿಯ ಎಂಥಾ ಛಲೋ ಹಂಚು ತಂದಾನ!" ಎಂದು ಅವತ್ತೇ ಒಲೆಗೇರಿಸಿದಳು. ಅದು ನನಗೂ ನೆನಪಿದೆ. ಅದು ಭೀಮುವಿನ ಹಡಗಿನದೆಂದು ಹೇಳಲು ಅವರಿಗೆ ಬಾಯಿ ಬರಲಿಲ್ಲವಂತೆ.

ಈಗ ಅದು ಅವರ ಮಂಚದ ಕೆಳಗಿದೆ. ನಾನು ಗುಡಿಸುವಾಗ ಆ ಕಡೆ ಪೊರಕೆ ಚಾಚುವುದಿಲ್ಲ, ಹೆದರಿಕೆಯಾಗುತ್ತದೆ. ನಿನಗೆಂದು ಶಿವಾಜಿನಗರದಲ್ಲಿ ಹೊಸ ಹಂಚು ಕೊಂಡಿದ್ದೇನೆ. ಅದರ ಜೊತೆ ನಾನೂ ಬರಲೇ? ನಿನ್ನೆ ನಿಮ್ಮಪ್ಪ "ನನ್ನ ಬಿಟ್ಟು ಮಗಳ ಮನಿಗೆ ಹೋಗ್ತಿ ಏನು?" ಎಂದು ಕೇಳಿದರು. ಅವರನ್ನು ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತದೆ, ಎದುರು ಕೂತರೆ ಇಷ್ಟು ವರ್ಷ ಬಚ್ಚಿಟ್ಟರಲ್ಲ ಎಂದು ಮೈಯೆಲ್ಲ ಉರಿಯುತ್ತದೆ. ಇರಬೇಕೋ ಹೋಗಬೇಕೋ ನೀನೇ ಹೇಳು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಹೊಸ ಮನೆಯಲ್ಲಿ ತಣ್ಣಗೆ ಬಾಳು.

ನಿನ್ನ ಅವ್ವ,
ಹುಸೇನಮ್ಮ

ತಾ.ಕ.: ಮೇಲೆ ಇದನ್ನು ಬರೆಯಲಾಗಲಿಲ್ಲ. ಆ ತೂತಿನಿಂದ ಭೀಮುವನ್ನು ಎತ್ತಿ ತಂದದ್ದು ನಿಮ್ಮಪ್ಪ. ಹೆಣವನ್ನು ಸಮುದ್ರಕ್ಕೆ ಬಿಡುವ ಮುಂಚೆ ಮೈ ಒರೆಸಿದ್ದೂ ಅವರೇ. ತಂತಿ ಬಂದರೂ ನಮ್ಮವ್ವ ನಂಬಲಿಲ್ಲ. "ನನ್ನ ಮಗನ ಹೆಣ ಯಾರರ ನೋಡ್ಯಾರೇನು?" ಎಂದು ಸಾಯುವ ತನಕ ಕೇಳಿದಳು. ನೋಡಿದವರು ಎದುರಿಗೇ ಕೂತು ಅನ್ನ ಕಲಸುತ್ತಿದ್ದರು. "ನೋಡೀನಿ ಅಂದ್ರ, ಜಲ್ದಿ ಯಾಕ ಹೋಗಿ ಮುಟ್ಟಲಿಲ್ಲ ಅಂತ ಕೇಳ್ತಿದ್ದಳು" ಎನ್ನುತ್ತಾರೆ ಈಗ. ಅವ್ವ ಆ ಹಂಚಿನ ಮೇಲೆ ಸುಟ್ಟ ಮೊದಲ ರೊಟ್ಟಿಯನ್ನು, ಭೀಮು ಬಂದರೆ ಬೇಕಾಗುತ್ತದೆಂದು ದಿನಾ ಮುಚ್ಚಿಡುತ್ತಿದ್ದಳು. ಅವನು ಬರುತ್ತಿರಲಿಲ್ಲ. ಸಂಜೆ ನಾನು ಆ ರೊಟ್ಟಿ ಮುರಿದು, ಹಾಲಲ್ಲಿ ನೆನೆಸಿ ನಿನಗೆ ತಿನ್ನಿಸುತ್ತಿದ್ದೆ.